ಹೆಸರಿನ ನಡುವಿನ ಖಾಲಿ ಜಾಗ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ ಇಡುವ ಆ ಪುಸ್ತಕಾಲಯದಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಟೇಪುಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವಳು. ಓದುವವರು ತಡವರಿಸಿದ ಕಡೆ ಟೇಪು ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ, ಅಲ್ಲೊಂದು ತಪ್ಪು ನಡೆದೇ ಇರಲಿಲ್ಲವೇನೋ ಅನ್ನುವಂತೆ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಟೇಪು ಹೋಗಿ ಕಂಪ್ಯೂಟರ್ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು.

ಟೇಪಿನ ಕಾಲದಲ್ಲಿ ಕೇಳದೆ ಕತ್ತರಿಸಲು ಆಗುತ್ತಿರಲಿಲ್ಲ. ಈಗ ಹಾಗಲ್ಲ. ಓದುವವರು ಗಾಜಿನ ಕೋಣೆಯಲ್ಲಿ ಕುಳಿತು, ತಾವೇ ಗುಂಡಿ ಒತ್ತಿ ಓದಿದ್ದೆಲ್ಲ ಅಧ್ಯಾಯಕ್ಕೊಂದು ಫೈಲಾಗಿ ಬಂದು ಬೀಳುತ್ತಿತ್ತು. ಅವುಗಳ ದನಿ ಏರಿಳಿತ ಸರಿಮಾಡಿ, ಉದ್ದದ ಮೌನಗಳನ್ನು ತೆಗೆದು, ಒಂದಕ್ಕೊಂದು ಜೋಡಿಸಿ, ಕಂಪ್ಯೂಟರಿನ ಒಳಗೇ ಇದ್ದ ಕಪಾಟಿಗೆ ಸೇರಿಸಿ, ಕೊನೆಗೆ ಹಳೆಯದನ್ನು ಅಳಿಸಿ ಜಾಗ ಖಾಲಿ ಮಾಡಲು ಅವಳು ಶೆಲ್ ಸ್ಕ್ರಿಪ್ಟು ಬರೆದಿಟ್ಟಿದ್ದಳು. ಕಪ್ಪು ಪರದೆಯ ಮೇಲೆ ಒಂದೊಂದಾಗಿ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟು. ಅದನ್ನು ಕಲಿಸಿದವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೆನ್ನಿಗೆ ಬೆನ್ನು ಹಾಕಿ ಕುಳಿತು ಅವಳ ಜೊತೆ ಅದೇ ಕೋಣೆಯಲ್ಲಿ ಕೆಲಸ ಮಾಡಿದವರು. ಹತ್ತು ಜನ ಮಾಡುವ ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡಿಸಿದಾಗ ಅವರು ಕುರ್ಚಿ ತಿರುಗಿಸಿ, "ನೋಡಮ್ಮಾ ಕತ್ತರಿ, ಹೆಂಗೆ!" ಅನ್ನುತ್ತಿದ್ದರು. ಅವಳು ಆ ಸಾಲು ಓದಿ ನಗುತ್ತಿದ್ದಳು. ಆ ನಗುವಿನಲ್ಲಿ ಪಾಲು ತೆಗೆದುಕೊಳ್ಳಬಲ್ಲ ಮೂರನೆಯವರು ಆ ಕಟ್ಟಡದಲ್ಲಿ ಇರಲಿಲ್ಲ. ಮೇಷ್ಟ್ರು ನಿವೃತ್ತರಾದ ಮೇಲೆ ಎರಡನೆಯವರೂ ಉಳಿಯಲಿಲ್ಲ.

ಅವಳು ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ಭಾನುವಾರ ತಂಗಿ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಮಂಡಿನೋವು ಹೇಗಿದೆ, ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಪುಸ್ತಕಾಲಯದ ಬಾಗಿಲಲ್ಲಿ ಕಾವಲುಗಾರನಿಗೆ ನಮಸ್ಕಾರ ಹೇಳುವಾಗ ಅವಳ ಗಂಟಲಿನಿಂದ ಮೊದಲ ಅಕ್ಷರ ಸೀಳಿಕೊಂಡು ಬರುತ್ತಿತ್ತು. ಕೆಮ್ಮಿ, ಮತ್ತೊಮ್ಮೆ ಹೇಳುತ್ತಿದ್ದಳು.

ಮೇಷ್ಟ್ರ ಕುರ್ಚಿಗೆ ಬಂದವಳನ್ನು ಎಲ್ಲರೂ ಹೊಸಬಳು ಎಂದರು. ವಾರದಲ್ಲಿ ಕೆಲವೇ ದಿನ ಬರುತ್ತಿದ್ದಳು. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು, ಕೂದಲಲ್ಲಿ ಬಿಸ್ಕತ್ತಿನ ಪುಡಿ ಅಂಟಿಸಿಕೊಂಡೇ ಓಡಿಬರುವವಳು. ಬಂದ ಮೊದಲ ವಾರವೇ ಕತ್ತರಿಯ ಹೆಗಲ ಮೇಲಿಂದ ಪರದೆಯನ್ನು ಇಣುಕಿ ನೋಡಿದಳು.

"ಅಕ್ಕಾ, ಇದೇನಿದು? ಡಾಲರು, ಅಡ್ಡಗೀಟು, ಚುಕ್ಕಿ... ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗಿದೆಯಲ್ಲ."

"ಓದೋಕೆ ಬಂದ್ರೆ ಹಾಗನ್ಸಲ್ಲ."

"ಓದೋಕೆ ಬರೋರು ಎಷ್ಟು ಜನ ಇದಾರೆ ಇಲ್ಲಿ?"

ಕತ್ತರಿ ಮುಂದಿನ ಸಾಲು ಬರೆಯತೊಡಗಿದಳು. ಹೊಸಬಳು ಬಿಡಲಿಲ್ಲ.

"ಇದನ್ನ ಪೈಥಾನಲ್ಲಿ ಬರೆದಿಡೋಣ ಅಕ್ಕ. ನೀವು ಹುಷಾರು ತಪ್ಪಿ ಮಲಗಿದ್ರೆ ನಾನಾದ್ರೂ ನೋಡ್ಕೋಬೋದು. ಈಗ ಎಲ್ರೂ ಕಲಿಯೋದು ಅದನ್ನೇ."

"ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಭಾಷೆ ಯಾಕೆ? ಕಿತ್ತುಹೋದ ಗುಂಡಿ ಹಾಕೋಕೆ ಯಾರಾದ್ರೂ ಅಟ್ಟದಿಂದ ಹೊಲಿಗೆ ಮೆಷಿನ್ ಇಳಿಸ್ತಾರಾ?"

"ಗುಂಡಿ ಅಂತ ಶುರು ಮಾಡಿ ನೀವು ಇಡೀ ಅಂಗೀನೇ ಕೈಯಲ್ಲಿ ಹೊಲಿದಿದೀರಲ್ಲ" ಎಂದು ಹೊಸಬಳು ನಕ್ಕಳು.

ಮಾತು ನಿಜವೇ ಆಗಿತ್ತು. ಮೊದಲು ನಾಲ್ಕು ಸಾಲಿದ್ದ ಸ್ಕ್ರಿಪ್ಟು ವರ್ಷ ವರ್ಷವೂ ಒಂದೊಂದು ತೇಪೆ ಹಚ್ಚಿಸಿಕೊಂಡು ಪರದೆ ದಾಟಿ ಬೆಳೆದಿತ್ತು. ಆದರೂ ಕತ್ತರಿಯ ಮುಖ ಬಿಗಿಯಿತು.

ಆಗ ಗಾಜಿನ ಕೋಣೆಯಲ್ಲಿ ಒಂದು ದೊಡ್ಡ ಕಾದಂಬರಿಯ ಓದು ನಡೆಯುತ್ತಿತ್ತು. ಓದುತ್ತಿದ್ದವರು ಹಿಂದೆ ರಂಗಭೂಮಿಯಲ್ಲಿದ್ದ, ಎಪ್ಪತ್ತು ದಾಟಿದ ಹೆಂಗಸು. ಪುಸ್ತಕಾಲಯದವರ ಬಾಯಲ್ಲಿ ಅವರು ನಾಟಕದಮ್ಮ. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಆಪರೇಷನ್ ಆದ ಮೇಲೆ ದನಿ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇರುವ ದನಿಯನ್ನು ಈ ಪುಸ್ತಕಕ್ಕೆ ಕೊಡುತ್ತೇನೆಂದು ಅವರು ತಿಂಗಳುಗಟ್ಟಲೆ ಬಂದು ಓದಿದರು. ಓದಿ ಮುಗಿಸಿದ ಮೇಲೂ ಎರಡು ಅಧ್ಯಾಯ ಮನಸ್ಸಿಗೆ ಒಪ್ಪುವಂತೆ ಬಂದಿಲ್ಲ, ಇನ್ನೊಮ್ಮೆ ಓದುತ್ತೇನೆ ಎಂದರು. ಅದಕ್ಕಾಗಿ ಪುಸ್ತಕವನ್ನು ಕಪಾಟಿಗೆ ಸೇರಿಸದೆ ಹಾಗೇ ಇಟ್ಟಿದ್ದರು.

ಆಪರೇಷನ್ನಿಗೆ ಆಸ್ಪತ್ರೆ ಸೇರುವ ಹಿಂದಿನ ದಿನ ಅವರು ಕೊನೆಯ ಸಲ ಬಂದಾಗ ಕತ್ತರಿ ಇರಲಿಲ್ಲ. ತಂಗಿಯ ಕಣ್ಣಿನ ಪೊರೆ ತೆಗೆಸುವುದಿತ್ತು, ಆಸ್ಪತ್ರೆಗೆ ಹೋಗಿದ್ದಳು. ಅಂದಿನ ಫೈಲುಗಳನ್ನು ತೆಗೆದಿಟ್ಟವಳು ಹೊಸಬಳು. ಹಳೆಯ ಫೋಲ್ಡರಿನ ಹೆಸರು "ಕಾದಂಬರಿ" ಎಂದಿತ್ತು. ಹೊಸ ಎರಡು ಅಧ್ಯಾಯಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಅದಕ್ಕೆ "ಕಾದಂಬರಿ ಹೊಸದು" ಎಂದು ಹೆಸರು ಕೊಟ್ಟಳು. ಯಾರಾದರೂ ಕೊಡುವ ಹೆಸರೇ ಅದು.

ಮರುದಿನ ಕತ್ತರಿ ಟೀ ಲೋಟ ಪಕ್ಕಕ್ಕಿಟ್ಟು ಎಂದಿನಂತೆ ಹಿಂದಿನ ದಿನ ಬಂದ ಫೋಲ್ಡರುಗಳ ಮೇಲೆ ಸ್ಕ್ರಿಪ್ಟು ಓಡಿಸಿದಳು. ಪರದೆ ಏನೂ ಹೇಳಲಿಲ್ಲ. ಶೆಲ್‌ನಲ್ಲಿ ಮೌನವೆಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಒಂದು ಗುಟುಕು ಟೀ ಕುಡಿದು, ಕಪಾಟು ತೆರೆದು ನೋಡಿದರೆ ಕಾದಂಬರಿ ಅಲ್ಲಿ ಇಲ್ಲ. ಬಂದ ಫೈಲುಗಳ ಜಾಗದಲ್ಲೂ ಇಲ್ಲ. "ಕಾದಂಬರಿ ಹೊಸದು" ಮಾತ್ರ ಇದ್ದಲ್ಲೇ ಇತ್ತು, ಎರಡೇ ಅಧ್ಯಾಯ ಹೊಟ್ಟೆಯಲ್ಲಿಟ್ಟುಕೊಂಡು.

ಏನಾಗಿದೆ ಎಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಸರಿನ ನಡುವೆ ಖಾಲಿ ಜಾಗ ಬಂದರೆ ಶೆಲ್ ಅದನ್ನು ಎರಡು ಹೆಸರೆಂದು ಓದುತ್ತದೆ. ಒಂದೇ ಹೆಸರೆಂದು ತಿಳಿಯಬೇಕಾದರೆ ಸುತ್ತ ಉದ್ಧರಣ ಚಿಹ್ನೆ ಹಾಕಬೇಕು. ಅವಳು ಹಾಕಿರಲಿಲ್ಲ. ಜೋಡಿಸುವ ಹೆಜ್ಜೆಯಲ್ಲಿ "ಹೊಸದು" ಎಂಬ ಫೋಲ್ಡರು ಸಿಗದೆ ಕೆಲಸ ಕೆಟ್ಟಿತು. ಕೆಟ್ಟರೂ ಸ್ಕ್ರಿಪ್ಟು ನಿಲ್ಲಲಿಲ್ಲ, ಮುಂದಿನ ಹೆಜ್ಜೆಗೆ ಹೋಯಿತು. ಆ ಹೆಜ್ಜೆ ಅಳಿಸುವುದು. "ಕಾದಂಬರಿ" ಸಿಕ್ಕಿತು, ಅಳಿಸಿತು. "ಹೊಸದು" ಸಿಗಲಿಲ್ಲ, ಬಿಟ್ಟಿತು. ದೂರು ಹೇಳಬಾರದೆಂದು ಅವಳೇ ಅದರ ಬಾಯಿ ಕಟ್ಟಿದ್ದಳು. ಪರದೆ ತುಂಬ ಬೇಡದ ಮಾತು ಬರುತ್ತದೆಂದು ಮೇಷ್ಟ್ರಿದ್ದ ಕಾಲದಲ್ಲೇ ಮಾಡಿದ ಏರ್ಪಾಡು ಅದು. ಪ್ರತಿದಿನ ಇನ್ನೊಂದು ಪ್ರತಿ ತೆಗೆಯುವ ವ್ಯವಸ್ಥೆ ಕಪಾಟಿಗೆ ಸೇರಿದ ಪುಸ್ತಕಗಳಿಗೆ ಮಾತ್ರ ಇತ್ತು.

"ಹೆಸರಲ್ಲಿ ಖಾಲಿ ಜಾಗ ಬಿಡಬಾರ್ದು ಅಂತ ಗೊತ್ತಿಲ್ವಾ ನಿಂಗೆ?" ಅವಳ ದನಿ ಕಾರಿಡಾರಿನ ತನಕ ಕೇಳಿಸಿತು.

ಹೊಸಬಳ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ರು ನಂಗೆ?"

"ಇಲ್ಲಿ ಯಾರೂ ಬಿಡಲ್ಲ!"

"ಯಾರೂ ಅಂದ್ರೆ ಯಾರಕ್ಕಾ? ಇಲ್ಲಿ ಇರೋದು ನೀವೊಬ್ರೇ ಅಲ್ವಾ?"

ಕತ್ತರಿ ಕುಳಿತುಬಿಟ್ಟಳು. ಆ ನಿಯಮ ಎಲ್ಲೂ ಬರೆದಿರಲಿಲ್ಲ. ಅದು ಅವಳ ತಲೆಯಲ್ಲಿತ್ತು, ಮೇಷ್ಟ್ರ ತಲೆಯಲ್ಲಿತ್ತು. ಇಬ್ಬರೇ ಇದ್ದ ಮನೆಯಲ್ಲಿ ಬಾಗಿಲಿನ ಚಿಲಕ ಹೀಗೆ ಎತ್ತಿ ಹಾಕಬೇಕೆಂದು ಯಾರೂ ಬರೆದಿಡುವುದಿಲ್ಲ.

ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು. ಹಿಂದೆ ಜನ ನಗುವ ಸದ್ದು, ನೀರಿನ ಸದ್ದು.

"ಏನಮ್ಮಾ ಕತ್ತರಿ! ಈಜಿನ ಕೊಳದಲ್ಲಿದೀನಿ. ಈ ವಯಸ್ಸಲ್ಲಿ ಈಜು ಕಲ್ತೆ ಗೊತ್ತಾ?"

ಅವಳು ವಿಷಯ ಹೇಳಿದಳು. ಅಳಿಸಿಹೋದದ್ದನ್ನು ಮರಳಿ ತೆಗೆಯಲು ಒಮ್ಮೆ ಅವರು ಒಂದು ಆಜ್ಞೆ ಬರೆದಿದ್ದರು. ಅದರ ಚಿಹ್ನೆಗಳು ನೆನಪಿವೆಯೇ ಎಂದು ಕೇಳಿದಳು.

"ಅಯ್ಯೋ, ಅದೆಲ್ಲ ತೊಳ್ಕೊಂಡು ಹೋಯ್ತಮ್ಮ" ಎಂದರು ಮೇಷ್ಟ್ರು, ಏನೂ ಬೇಸರವಿಲ್ಲದೆ. "ಮೊನ್ನೆ ಮೊಮ್ಮಗಳು ಕಂಪ್ಯೂಟರ್ ಕೊಟ್ಲು. ಫೋಲ್ಡರ್ ಪಟ್ಟಿ ನೋಡೋಕೆ ಏನು ಬರೀಬೇಕು ಅನ್ನೋದೂ ನೆನಪಾಗಲಿಲ್ಲ ನೋಡು. ನೀನು ಚೆನ್ನಾಗಿದೀಯಾ ತಾನೇ?"

ಚೆನ್ನಾಗಿದ್ದೇನೆ ಎಂದು ಹೇಳಿ ಫೋನ್ ಇಟ್ಟಳು. ಪುಸ್ತಕ ಕಳೆದದ್ದಕ್ಕಿಂತ ಬೇರೆ ಏನೋ ಆ ಕ್ಷಣದಲ್ಲಿ ಕಳೆದಂತಾಗಿ ಕಿಟಕಿಯ ಕಡೆ ತಿರುಗಿ ಕುಳಿತಳು. ಹೊಸಬಳು ಎದ್ದು ಹೋಗಿ, ಆರಿದ ಟೀ ಚೆಲ್ಲಿ, ಬಿಸಿಯದನ್ನು ತಂದಿಟ್ಟಳು.

ಇಬ್ಬರೂ ಸೇರಿ ಡಿಸ್ಕನ್ನು ಜಾಲಾಡಿದರು. ಸಿಕ್ಕಿದ್ದು ಚೂರುಗಳು. ಕತ್ತರಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದಾಗಿ ಕೇಳಿದಳು. ಹಾಳೆ ತಿರುವಿದ ಸದ್ದು. ನೀರು ಗುಟುಕರಿಸಿದ್ದು. "ತಾಳಿ, ತಾಳಿ, ಇದನ್ನ ಇನ್ನೊಂದ್ಸಲ ಓದ್ತೀನಿ." ಮತ್ತೆ ಕೆಮ್ಮು. ಒಂದು ಅರ್ಧ ವಾಕ್ಯ, ಯಾರೋ ಯಾರಿಗೋ ಬಾಗಿಲು ತೆರೆಯಬೇಡ ಎನ್ನುವುದು. ಆ ದನಿ ಎಷ್ಟು ಹತ್ತಿರದ್ದಾಗಿತ್ತೆಂದರೆ ಅವಳು ಹೆಡ್‌ಫೋನ್ ತೆಗೆದು ಹಿಂದೆ ನೋಡಿದಳು. ಆ ದನಿ ತಿಂಗಳುಗಟ್ಟಲೆ ತನ್ನ ಕೈಯ ಮೇಲೆ ಹಾದುಹೋಗಿದ್ದರೂ ತಾನು ಅದನ್ನು ಕೇಳುತ್ತಿರುವುದು ಇದೇ ಮೊದಲು ಎಂದು ಆಗ ಹೊಳೆಯಿತು.

ಆಪರೇಷನ್ ಆಗಿ ನಾಟಕದಮ್ಮ ಮನೆಗೆ ಬಂದ ಮೇಲೆ ಅವಳೇ ಹೋಗಿ ಹೇಳಿದಳು. ಹೊಸಬಳು ತಾನೂ ಬರುತ್ತೇನೆಂದಳು, ಕತ್ತರಿ ಬೇಡವೆಂದಳು. ನೆಲಮಹಡಿಯ ಸಣ್ಣ ಮನೆ. ಕಿಟಕಿಯ ಕಟ್ಟೆಯ ಮೇಲೆ ಔಷಧಿ ಬಾಟಲಿಗಳು, ಕುರ್ಚಿಯ ಮೇಲೆ ಮಡಿಸದ ಶಾಲು. ನಾಟಕದಮ್ಮನ ಕತ್ತಿಗೆ ಬಿಳಿಯ ಬಟ್ಟೆ ಸುತ್ತಿತ್ತು. ಅವರು ಫೋನಿನಲ್ಲಿ ಬೆರಳಾಡಿಸಿ ಬರೆದರೆ ಫೋನು ಅದನ್ನು ಒಂದು ಗಂಡು ದನಿಯಲ್ಲಿ, ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಓದುತ್ತಿತ್ತು.

ಕತ್ತರಿ ಎಲ್ಲ ಹೇಳಿದಳು. ಶೆಲ್, ಖಾಲಿ ಜಾಗ, ಉದ್ಧರಣ ಚಿಹ್ನೆ. ಹೇಳುತ್ತಾ ಹೋದಂತೆ ಅವು ಎಷ್ಟು ಸಣ್ಣ ವಸ್ತುಗಳು ಎನ್ನಿಸಿ ಮಾತು ನಿಂತಿತು. ನಾಟಕದಮ್ಮ ಫೋನು ಕೈಗೆತ್ತಿಕೊಂಡು ಬರೆದರು.

"ನೀನು ಕೇಳಿದ್ದೆಯಾ" ಎಂದಿತು ಫೋನು.

"ಏನಮ್ಮಾ?"

"ನಾನು ಓದಿದ್ದು. ಒಂದು ಅಧ್ಯಾಯವಾದರೂ."

"ಇಲ್ಲಮ್ಮಾ."

"ಬೇರೆ ಯಾರಾದರೂ."

ಜೋಡಿಸಿದ ಮೇಲೆ ಪರೀಕ್ಷೆಗಾಗಿ ಕೇಳುವವರಿದ್ದರು. ಇದು ಜೋಡಣೆಯ ತನಕ ಬಂದಿರಲಿಲ್ಲ. "ಇಲ್ಲಮ್ಮಾ" ಎಂದಳು ಮತ್ತೆ.

ನಾಟಕದಮ್ಮ ಫೋನನ್ನು ಬೋರಲು ಹಾಕಿದರು. ಎದ್ದು ಹೋಗಿ ಬಾಗಿಲು ತೆರೆದು ನಿಂತರು. ಕತ್ತರಿ ಚಪ್ಪಲಿ ಮೆಟ್ಟಿ ಹೊರಬಂದಳು. ಬಸ್ಸು ಬಂದರೂ ಹತ್ತದೆ ಮನೆಯ ತನಕ ನಡೆದಳು. ಆ ಭಾನುವಾರ ತಂಗಿಯ ಫೋನಿಗೆ ಎಂದಿನ ಉತ್ತರಗಳನ್ನೇ ಕೊಟ್ಟಳು. "ಏನಕ್ಕ, ದನಿ ಒಂಥರಾ ಇದೆ?" ಎಂದು ತಂಗಿ ಕೇಳಿದಳು. ನೆಗಡಿ ಎಂದಳು.

ಸೋಮವಾರ ಅವಳಾಗಿಯೇ ಹೊಸಬಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. "ಹೇಳ್ಕೊಡು ನಿನ್ನ ಪೈಥಾನ್."

ಹೊಸಬಳು ಗೆದ್ದವಳಂತೆ ನಡೆದುಕೊಳ್ಳಲಿಲ್ಲ. "ಅದೇನು ದೇವರಲ್ಲ ಅಕ್ಕ. ಹಿಂದಿನ ಆಫೀಸಲ್ಲಿ ನಾನು ಪೈಥಾನಲ್ಲೇ ಇಡೀ ಫೋಲ್ಡರ್ ಅಳಿಸಿ ಕೂತಿದ್ದೆ. ಆದ್ರೆ ಹೆಸರಲ್ಲಿ ಎಷ್ಟು ಖಾಲಿ ಜಾಗ ಇದ್ರೂ ಅದಕ್ಕೆ ಒಂದೇ ಹೆಸರು. ಮತ್ತೆ, ಏನಾದ್ರೂ ಕೆಟ್ರೆ ಕೂಗಾಡಿ ಅಲ್ಲೇ ನಿಂತುಬಿಡುತ್ತೆ. ನಿಮ್ಮ ಸ್ಕ್ರಿಪ್ಟು ಹಂಗಲ್ಲ. ಹಲ್ಲು ಕಚ್ಕೊಂಡು ಮುಂದಕ್ಕೆ ಹೋಗ್ತಾ ಇರುತ್ತೆ."

"ಬರೆದೋಳ ಥರಾನೇ" ಎಂದಳು ಕತ್ತರಿ.

ಕೆಲಸ ನಿಧಾನವಾಗಿ ಸಾಗಿತು. ಹೊಸಬಳು ಪ್ರತಿ ಸಾಲಿಗೂ ಯಾಕೆ ಎಂದು ಕೇಳುತ್ತಿದ್ದಳು. ಇಲ್ಲಿ ಮೌನವನ್ನು ಪೂರ್ತಿ ತೆಗೆಯದೆ ಒಂದಿಷ್ಟು ಯಾಕೆ ಬಿಟ್ಟಿದ್ದೀರಿ? ಕೇಳುವವರಿಗೆ ಉಸಿರಾಡಲು ಜಾಗ ಬೇಕಲ್ಲ. ಈ ಅಧ್ಯಾಯದ ಸಂಖ್ಯೆಗೆ ಮೊದಲು ಸೊನ್ನೆ ಯಾಕೆ? ಇಲ್ಲದಿದ್ದರೆ ಎರಡಕ್ಕಿಂತ ಮೊದಲು ಹತ್ತು ಬಂದು ಕುಳಿತುಕೊಳ್ಳುತ್ತದೆ. ಅವಳು ಹೇಳಿದ್ದನ್ನೆಲ್ಲ ಹೊಸಬಳು ಪ್ರೋಗ್ರಾಮಿನ ಒಳಗೇ ಟಿಪ್ಪಣಿಯಾಗಿ ಬರೆದಳು. ಕೆಲವು ಯಾಕೆಗಳಿಗೆ ಉತ್ತರ ಅವಳಿಗೇ ಮರೆತಿತ್ತು. ಎಷ್ಟೋ ವರ್ಷಗಳಿಂದ ಯಾರೂ ಕೇಳಿರಲಿಲ್ಲ.

ಎಲ್ಲವನ್ನೂ ಬದಲಿಸಲಿಲ್ಲ. ಒಂದು ಮಧ್ಯಾಹ್ನ ಯಾವ ಪುಸ್ತಕದಲ್ಲಿ ಎಷ್ಟು ಅಧ್ಯಾಯಗಳಿವೆ ಎಂದು ಎಣಿಸಲು ಹೊಸಬಳು ಪೈಥಾನಲ್ಲಿ ಬರೆಯುತ್ತಾ ಕುಳಿತಿದ್ದಾಗ ಕತ್ತರಿ ಆಚೆಯಿಂದ ಕೈ ಚಾಚಿ, ಮೂರು ಪುಟ್ಟ ಆಜ್ಞೆಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿ, ಒಂದೇ ಸಾಲಿನಲ್ಲಿ ಮುಗಿಸಿದಳು. ಹೊಸಬಳು ಬಾಯಿ ಬಿಟ್ಟು ನೋಡಿದಳು.

"ಸುಮ್ನೆ ನೋಡೋಕೆ, ಎಣಿಸೋಕೆ ಶೆಲ್ ಸಾಕು" ಎಂದಳು ಕತ್ತರಿ. "ಅಳಿಸೋ ಕೆಲಸ, ನಾಳೆ ಇನ್ನೊಬ್ರು ಮುಟ್ಟೋ ಕೆಲಸ, ಅದು ನಿನ್ನ ಭಾಷೇಲಿರಲಿ."

ಈ ನಡುವೆ ನಾಟಕದಮ್ಮನಿಂದ ಒಂದು ಸಂದೇಶ ಬಂತು: ಉಳಿದ ಎರಡು ಅಧ್ಯಾಯ ತೆಗೆದುಕೊಂಡು ಬಾ. ಕತ್ತರಿ ಪುಟ್ಟ ಸ್ಪೀಕರ್ ಹಿಡಿದು ಹೋದಳು. ಇಬ್ಬರೂ ಎದುರುಬದುರು ಕುಳಿತು ಕೇಳಿದರು. ತಮ್ಮದೇ ದನಿ ಕೋಣೆ ತುಂಬುವಾಗ ನಾಟಕದಮ್ಮ ಕಣ್ಣು ಮುಚ್ಚಿ, ಎಲ್ಲೋ ಒಂದು ಕಡೆ ಹುಬ್ಬು ಗಂಟಿಕ್ಕಿ, ಬೆರಳಿನಿಂದ ತೊಡೆಯ ಮೇಲೆ ತಾಳ ತಟ್ಟಿದರು. ಮುಗಿದ ಮೇಲೆ ಫೋನು ತೆಗೆದುಕೊಂಡರು.

"ಉಳಿದದ್ದನ್ನು ನೀನು ಓದು."

"ನಾನಾ? ನಂಗೆ ಮಾತೇ ಸರಿಯಾಗಿ ಬರಲ್ಲಮ್ಮಾ. ಬೇರೆ ಒಳ್ಳೆ ಓದೋರು ಸಿಗ್ತಾರೆ."

"ಸಿಗುತ್ತಾರೆ. ಆದರೆ ನೀನು ಓದು. ನಾನು ಎದುರಿಗೆ ಕೂರುತ್ತೇನೆ."

ಅದು ಶಿಕ್ಷೆಯೋ, ಕ್ಷಮೆಯೋ, ಅಥವಾ ಮನೆಯಿಂದ ಹೊರಗೆ ಬರಲು ಅವರಿಗೆ ಬೇಕಿದ್ದ ನೆಪವೋ ಕತ್ತರಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಗಾಜಿನ ಹೊರಗಿನಿಂದ ಅವಳು ಎಂದೂ ಓದುವವರ ಬದಿಗೆ ಬಂದು ಕುಳಿತವಳಲ್ಲ. ಮೊದಲ ದಿನ ಒಂದು ಪುಟ ದಾಟುವುದರೊಳಗೆ ಗಂಟಲು ಒಣಗಿ ಕಟ್ಟಿಗೆಯಾಯಿತು. ನಾಟಕದಮ್ಮ ಗಾಜಿನಾಚೆ ಕುಳಿತು ತೋರುಬೆರಳನ್ನು ಸುತ್ತು ತಿರುಗಿಸುತ್ತಿದ್ದರು: ಮತ್ತೆ. ಅಂಗೈ ಕೆಳಗೆ ಮಾಡಿದರೆ ನಿಧಾನ. ಕೈ ಎದೆಗೆ ಒತ್ತಿಕೊಂಡರೆ, ಅಷ್ಟು ಕೂಗಬೇಡ, ಒಬ್ಬರಿಗೇ ಹೇಳು. ಆ ಒಬ್ಬರು ಯಾರೆಂದು ಕತ್ತರಿಗೆ ತೋಚುತ್ತಿರಲಿಲ್ಲ. ಕಡೆಗೆ ಗಾಜಿನಾಚೆಯ ಬಿಳಿಯ ಬಟ್ಟೆ ಸುತ್ತಿದ ಕತ್ತನ್ನೇ ನೋಡುತ್ತಾ ಓದಿದಳು. ಸೋಮವಾರದ ಬೆಳಿಗ್ಗೆಗಳಲ್ಲಿ ಈಗ ನಮಸ್ಕಾರ ಮೊದಲ ಸಲಕ್ಕೇ ಸರಿಯಾಗಿ ಬರುತ್ತಿತ್ತು.

ಓದು ಅರ್ಧ ದಾಟುವುದರೊಳಗೆ ಹೊಸಬಳಿಗೆ ಬೇರೆ ಕಡೆ ಪೂರ್ತಿ ದಿನದ ಕೆಲಸ ಸಿಕ್ಕಿತು. ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು.

"ಮಗೂನ ಶಾಲೆಗೆ ಹತ್ತಿರ ಅಕ್ಕ. ಇಲ್ಲಾಂದ್ರೆ..."

"ಹೋಗು. ಇಲ್ಲಾಂದ್ರೆ ಅಂತ ಏನೂ ಇಲ್ಲ" ಎಂದಳು ಕತ್ತರಿ. "ಎಲ್ಲ ಬರೆದಿಟ್ಟಿದೀಯಲ್ಲ."

ಮೇಷ್ಟ್ರ ಕುರ್ಚಿ ಮತ್ತೆ ಖಾಲಿಯಾಯಿತು. ಯಾರನ್ನೂ ತೆಗೆದುಕೊಳ್ಳುವ ಸುದ್ದಿ ಇರಲಿಲ್ಲ. ಒಮ್ಮೊಮ್ಮೆ ಕೆಲಸವಿಲ್ಲದಾಗಲೂ ಕತ್ತರಿ ಆ ಪ್ರೋಗ್ರಾಮು ತೆರೆದು ಟಿಪ್ಪಣಿಗಳನ್ನು ಓದುತ್ತಿದ್ದಳು. "ಇಲ್ಲಿ ಮೌನ ಪೂರ್ತಿ ತೆಗೆಯಬೇಡಿ, ಕೇಳುವವರಿಗೆ ಉಸಿರಾಡಲು ಜಾಗ ಬೇಕು ಅಂತಾರೆ ಅಕ್ಕ." ಮುಂದೆ ಬರುವವರು ಈ ಅಕ್ಕ ಯಾರೆಂದು ಕೇಳಬಹುದು. ಅದನ್ನು ಅಳಿಸಿ ಸರಿಮಾಡಬೇಕು ಎಂದುಕೊಂಡು ಪ್ರತಿ ಸಲವೂ ಹಾಗೇ ಬಿಡುತ್ತಿದ್ದಳು.

ಕಾದಂಬರಿ ಮುಗಿಯಿತು. ಎರಡು ಅಧ್ಯಾಯ ನಾಟಕದಮ್ಮನ ದನಿಯಲ್ಲಿ, ಉಳಿದದ್ದು ಅವಳ ದನಿಯಲ್ಲಿ. ಹೊಸ ಪ್ರೋಗ್ರಾಮು ಒಮ್ಮೆ ಕೂಗಾಡಿ ನಿಂತಿತು. ಒಂದು ಅಧ್ಯಾಯಕ್ಕೆ ಸಂಖ್ಯೆ ಹಾಕಲು ಮರೆತಿದ್ದಳು. ಸರಿಮಾಡಿ ಓಡಿಸಿದಳು. ಪುಸ್ತಕ ಕಪಾಟಿಗೆ ಸೇರಿತು.

ಕೆಲವು ವಾರಗಳಾದ ಮೇಲೆ ಕೇಳುಗರೊಬ್ಬರು ಪುಸ್ತಕಾಲಯಕ್ಕೆ ಫೋನ್ ಮಾಡಿದರು. ವಯಸ್ಸಾದ ಗಂಡಸಿನ ದನಿ. ಫೋನ್ ಎತ್ತಿದವಳು ಕತ್ತರಿಯೇ.

"ನೋಡಿಮ್ಮಾ, ಆ ದೊಡ್ಡ ಕಾದಂಬರಿ ಕೇಳ್ದೆ. ಮಧ್ಯೆ ಎರಡು ಅಧ್ಯಾಯ ಓದಿರೋರು ಯಾರು? ಆಹಾ! ಅವ್ರ ಕೈಲೇ ಪೂರ್ತಿ ಓದಿಸ್ಬೋದಿತ್ತಲ್ಲ? ಇನ್ನೊಬ್ಬರು ಇದಾರಲ್ಲ, ಪಾಪ, ಪರವಾಗಿಲ್ಲ, ಆದ್ರೆ ಶುರುವಲ್ಲಿ ಯಾರೋ ಹೆದ್ರಿಸಿ ಓದಿಸಿದ ಹಾಗಿದೆ."

"ಹೌದು ಸಾರ್. ಹೆದ್ರಿಸೇ ಓದಿಸಿದ್ದು" ಎಂದಳು ಕತ್ತರಿ.

ಸಂಜೆ ಕೆಲಸ ಮುಗಿಸಿ ನೇರ ನಾಟಕದಮ್ಮನ ಮನೆಗೆ ಹೋಗಿ, ಆ ಮುದುಕರು ಮಾತಾಡಿದ ಹಾಗೇ ದನಿ ಎಳೆದು ಎಳೆದು ಅಭಿನಯಿಸಿ ತೋರಿಸಿದಳು. ನಾಟಕದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ದೇ ಇಲ್ಲದ ನಗು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂತು. ಆಮೇಲೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಇಬ್ಬರೂ ಒಟ್ಟಿಗೆ ಅಡುಗೆಮನೆಗೆ ಓಡಿದರು. ಹಾಲು ಆಗಲೇ ಉಕ್ಕಿತ್ತು. ಕತ್ತರಿ ಒಲೆ ಒರೆಸಿಕೊಟ್ಟು, ಉಳಿದ ಹಾಲಿನಲ್ಲಿ ಕಾಫಿ ಕುಡಿದು, ಕತ್ತಲಾಗುವ ಮೊದಲೇ ಬಸ್ಸು ಹಿಡಿದಳು.